ಆತ್ಯಾನ ತಾಮ್ರದ ದುಡ್ಡು

ಅಪ್ಪನ ತಂಗಿಯನ್ನು ನಾವು ಆತ್ಯಾ ಅನ್ನುತ್ತೇವೆ. ಅವರ ಊರು ಕೃಷ್ಣೆಯ ದಂಡೆಯ ಕಸಬೆ ಡಿಗ್ರಜ. ಹೋದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸಾಂಗ್ಲಿಯಲ್ಲಿ ಬಸ್ಸು ಬದಲಿಸಿ ಮಿರಜಿನ ನಮ್ಮ ಮನೆಗೆ ಬಂದರು. ಕೊಟ್ಟ ನೀರು ಕುಡಿಯುವ ಮೊದಲೇ ಸೊಂಟದ ಸಂಚಿ ಬಿಚ್ಚಿ, ಮಡಚಿದ ಬಿಳಿ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಒಂದು ಹಳೆಯ ತಾಮ್ರದ ದುಡ್ಡು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಬಟ್ಟೆಯ ತುಂಬ ತಿಳಿಹಸಿರು ಪುಡಿ ಉದುರಿತ್ತು.

“ಇದಕ್ಕ ಏನೋ ಆಗೇತಿ, ನೋಡ ಬಾಳಾ,” ಅಂದರು.

ಆ ದುಡ್ಡು ನನಗೆ ಚಿಕ್ಕಂದಿನಿಂದ ಗೊತ್ತು. ಆತ್ಯಾನ ಗಂಡ, ನಮ್ಮ ಮಾಮಾ, ಮದುವೆಯಾದ ವರ್ಷ ಕಬ್ಬಿನ ಗದ್ದೆಗೆ ಕಾಲುವೆ ತೋಡುವಾಗ ಅವರ ಸಲಿಕೆಗೆ ಸಿಕ್ಕಿದ್ದು ಅದು. ಧೋತರದ ಚುಂಗಿಗೆ ಒರೆಸಿ ತಂದು ಹೆಂಡತಿಯ ಕೈಯಲ್ಲಿಟ್ಟಿದ್ದರಂತೆ. ಎರಡೂ ಕಡೆ ಕಡುಹಸಿರು ಹಕ್ಕಳೆ ಕಟ್ಟಿತ್ತು; ಅಕ್ಷರವೋ ಚಿತ್ರವೋ ಒಂದೂ ಕಾಣುತ್ತಿರಲಿಲ್ಲ. ಆದರೆ ಒಂದು ಬದಿಯ ಹಕ್ಕಳೆಯಲ್ಲಿ ಕುದುರೆ ಇದೆ ಎಂದು ಮಾಮಾ ಹೇಳುತ್ತಿದ್ದರು. ಆತ್ಯಾ ಒಪ್ಪುತ್ತಿರಲಿಲ್ಲ, ಅದು ಹೂವು ಅನ್ನುತ್ತಿದ್ದರು. ರಜೆಗೆ ಹೋದ ನಮ್ಮನ್ನೆಲ್ಲ ಕರೆದು ಪಂಚಾಯಿತಿ ಮಾಡಿಸುತ್ತಿದ್ದರು. ಕುದುರೆ ಅಂದವರಿಗೆ ಮಾಮಾ ಬೆಲ್ಲ ಕೊಡುತ್ತಿದ್ದರು, ಹೂವು ಅಂದವರಿಗೆ ಆತ್ಯಾ ಹುರಿದ ಶೇಂಗಾ. ನಾನು ಬೇರೆ ಬೇರೆ ಹೊತ್ತಿನಲ್ಲಿ ಎರಡನ್ನೂ ಅಂದು ಎರಡನ್ನೂ ತಿಂದಿದ್ದೇನೆ.

ಮಹಾಪೂರ ಬಂದ ವರ್ಷ ಕೃಷ್ಣೆಯ ನೀರು ಅವರ ಮನೆಯೊಳಗೆ ನಾಲ್ಕು ದಿನ ನಿಂತಿತ್ತು. ಟ್ರಂಕಿನೊಳಗಿದ್ದ ದುಡ್ಡು ಕೆಸರಿನಲ್ಲಿ ನೆನೆಯಿತು. ಅದಾದ ಮರುವರ್ಷ ಮಾಮಾ ತೀರಿಕೊಂಡರು. ದುಃಖದಲ್ಲಿ ಆತ್ಯಾ ಟ್ರಂಕು ತೆಗೆದು ನೋಡಿಯೇ ಇರಲಿಲ್ಲ. ಈಗ ನೋಡಿದರೆ ಕಡುಹಸಿರಿನ ನಡುವೆ ಅಲ್ಲಲ್ಲಿ ಬೂಷ್ಟಿನಂಥ ತಿಳಿಹಸಿರು ಕಲೆಗಳು.

ನನ್ನ ಹತ್ತಿರವೇ ಬಂದದ್ದಕ್ಕೆ ಕಾರಣವಿತ್ತು. ನಾನು ಮಿರಜಿನ ದವಾಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು. ಹಳೆಯ ನಾಣ್ಯ ಕೂಡಿಡುವ ಹವ್ಯಾಸವೂ ಇದೆ. ಆದರೆ ಆ ಹವ್ಯಾಸದಲ್ಲಿ ನಾನು ಮಾಡಿದ ಮೊದಲ ತಪ್ಪು ಅವರಿಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಒಂದು ಹಳೆಯ ದುಡ್ಡನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದ್ದೆ. ಹೊಸ ಚರಿಗೆಯ ಹಾಗೆ ಥಳಥಳ ಅಂದಿತು. ಹೆಮ್ಮೆಯಿಂದ ಸಾಂಗ್ಲಿಯ ಒಬ್ಬ ಗಡಿಯಾರ ರಿಪೇರಿಯವರ ಹತ್ತಿರ ಒಯ್ದೆ. ಅವರು ನಾಣ್ಯ ಬಲ್ಲ ಹಿರಿಯರು. ಎರಡೂ ಕಡೆ ತಿರುಗಿಸಿ ನೋಡಿ, ಒಂದು ಬೆರಳಿನಿಂದ ನನ್ನ ಕಡೆಗೆ ತಳ್ಳಿ ಮತ್ತೆ ಗಡಿಯಾರಕ್ಕೆ ಕೈ ಹಾಕಿದರು. ಮನೆಗೆ ಬಂದು ನಾನೂ ನೋಡಿದೆ. ಅಕ್ಷರಗಳೆಲ್ಲ ಸವೆದುಹೋಗಿದ್ದವು.

ಆದ್ದರಿಂದ ಆತ್ಯಾಗೆ ಅಳೆದು ತೂಗಿ ಹೇಳಿದೆ. ಕಡುಹಸಿರು ಬಣ್ಣ ದುಡ್ಡಿನ ಚರ್ಮ ಇದ್ದ ಹಾಗೆ, ಅದರಿಂದ ತೊಂದರೆ ಇಲ್ಲ. ಈ ತಿಳಿಹಸಿರು ಪುಡಿ ಮಾತ್ರ ರೋಗ. ಒಳಗೆ ಸೇರಿದ ಉಪ್ಪು ತಾಮ್ರವನ್ನು ತಿನ್ನುತ್ತಿದೆ. ಶುದ್ಧ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಯಿಟ್ಟು ಆ ಉಪ್ಪು ತೆಗೆಯಬೇಕು.

“ಅಂದ್ರ, ಕುದರಿ ಹೋಗ್ತದೇನ?”

ಹೋಗಲೂಬಹುದು, ಖಾತ್ರಿ ಹೇಳಲಾರೆ ಅಂದೆ. ಆತ್ಯಾ ಬಟ್ಟೆ ಮಡಚಿ ದುಡ್ಡನ್ನು ಸಂಚಿಗೆ ಹಾಕಿಕೊಂಡು ಊರಿಗೆ ಹೊರಟುಹೋದರು.

ಹದಿನೈದು ದಿನಕ್ಕೆ ಮತ್ತೆ ಬಂದರು. ಈ ಸಲ ಬಟ್ಟೆಯ ಜೊತೆ ಒಂದು ಕಾಗದದ ಪೊಟ್ಟಣವೂ ಇತ್ತು. ಅದರಲ್ಲಿ ದುಡ್ಡಿನ ಅಂಚಿನ ಚೂರು, ಜೋಳದ ಕಾಳಿನಷ್ಟು. ಮುಟ್ಟಿದ ಕೂಡಲೇ ಕಳಚಿ ಬಿತ್ತಂತೆ. “ಮಾಡಪ್ಪಾ ನೀ,” ಅಂದರು ಅಷ್ಟೆ.

ಮೊದಲು ದುಡ್ಡನ್ನು ಗಡಿಯಾರದವರಿಗೆ ತೋರಿಸಿ ಬಂದೆ. ಇದು ಶಿವರಾಯಿ, ಮರಾಠರ ಕಾಲದ ದುಡ್ಡು, ನಮ್ಮ ಕಡೆ ಹೊಲಗಳಲ್ಲಿ ಎಷ್ಟೋ ಸಿಗುತ್ತವೆ ಎಂದು ಅವರು ಮರಾಠಿಯಲ್ಲಿ ಹೇಳಿದರು. ರೋಗ ತೆಗೆ, ಹಕ್ಕಳೆಗೆ ಮಾತ್ರ ಕೈ ಹಚ್ಚಬೇಡ. ಅದು ಕಂಡ ವರ್ಷಗಳೆಲ್ಲ ಆ ಹಸಿರಿನಲ್ಲಿವೆ, ಕೆರೆದರೆ ನಾಣ್ಯ ಬಲ್ಲವರು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ ಅಂದರು.

ಒಂದು ಗಾಜಿನ ಬಟ್ಟಲಿನಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರು ಹಾಕಿ ನೆನೆಯಿಟ್ಟೆ. ವಾರಕ್ಕೊಮ್ಮೆ ನೀರು ಬದಲಿಸಬೇಕು. ಅದಕ್ಕೆಂದೇ ಆತ್ಯಾ ಬರತೊಡಗಿದರು. ಅವರು ಹೊತ್ತು ಮುಳುಗುವ ಮೊದಲೇ ಉಣ್ಣುವವರು, ಹಾಗಾಗಿ ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದರು. ಅಲ್ಲಿಯವರೆಗೆ ಬಟ್ಟಲಿನ ಮುಂದೆ ಕೂತು ಮಾತು. ಅಂಥ ಒಂದು ದಿನ ತಮ್ಮ ಮದುವೆಯ ಕತೆ ಹೇಳಿದರು.

ಮಾಮಾಗೆ ಕುದುರೆ ಏರಿ ಮದುವೆಗೆ ಬರುವ ಆಸೆ ಬಹಳ ಇತ್ತಂತೆ. ಮಿರಜಿನಿಂದ ಕುದುರೆ ಗೊತ್ತು ಮಾಡಿದ್ದರು. ಅಕಾಲದ ಮಳೆ ಬಂದು ದಾರಿಯೆಲ್ಲ ಎರೆಮಣ್ಣಿನ ರಾಡಿಯಾಗಿ ಕುದುರೆ ಅರ್ಧದಿಂದಲೇ ತಿರುಗಿ ಹೋಯಿತು. ಮದುಮಗ ಬಾಸಿಂಗ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬಂದ. ಹೆಣ್ಣಿನ ಕಡೆಯವರು ನಕ್ಕರು. ಮಾಮಾಗೆ ಅದು ತುಂಬ ಮನಸ್ಸಿಗೆ ಹತ್ತಿತ್ತು. ದುಡ್ಡು ಸಿಕ್ಕ ದಿನ ಓಡಿ ಬಂದು, ನೋಡು, ನಮ್ಮ ಕುದುರೆ ತಡವಾಗಿ ಬಂತು ಅಂದರಂತೆ.

“ಹಂಗಾದ್ರ ನೀವು ಯಾಕ ಹೂವು ಅಂತಿದ್ರಿ?” ಅಂತ ಕೇಳಿದೆ.

“ನನಗೂ ಮೊದಲ ದಿನದಿಂದ ಕುದರೀನ ಕಂಡೇತಿ. ಹೌದು ಅಂದುಬಿಟ್ಟಿದ್ರ ಅವರು ಮತ್ತ ಆ ಮಾತು ತಗೀತಿದ್ದಿಲ್ಲ,” ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು, ಆದರೆ ಮುಖದಲ್ಲಿ ನಗು ಇತ್ತು.

ಬೇಸಿಗೆಯ ಹೊತ್ತಿಗೆ ಇನ್ನೊಂದು ಬದಿಯ ಹಕ್ಕಳೆ ತಾನಾಗಿ ಸಡಿಲಾಯಿತು. ಅದರಡಿಯಲ್ಲಿ ಗೆರೆಗಳು ಕಂಡವು. ಬಿಡಿಸಲೇನು ಎಂದು ಕೇಳಿದೆ, ಆತ್ಯಾ ಹೂಂ ಅಂದರು. ಜಾಲಿಮುಳ್ಳಿನ ತುದಿಯಿಂದ ಸ್ವಲ್ಪಸ್ವಲ್ಪ ಬಿಡಿಸುತ್ತ ಬಂದೆ. ಆತ್ಯಾ ಮರಾಠಿ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಕಲಿತವರು. ಭೂತಗನ್ನಡಿ ಹಿಡಿದು “ಶ್ರೀ” ಅಂತ ಅವರೇ ಮೊದಲು ಓದಿದರು. ಐವತ್ತು ವರ್ಷ ಟ್ರಂಕಿನಲ್ಲಿಟ್ಟ ದುಡ್ಡು ಅವರೊಡನೆ ಆವತ್ತು ಮೊದಲ ಸಲ ಮಾತಾಡಿತು. ಕುದುರೆಯ ಬದಿಯನ್ನೂ ಬಿಡಿಸಲೇನು ಎಂದು ನಾನು ಆಸೆಯಿಂದ ಕೇಳಿದೆ.

“ಆ ಬಾಜೂ ಬ್ಯಾಡ. ಅದು ಆರಾಮ ಆದ್ರ ಸಾಕು.”

ಆಯಿತು ಅಂದೆ. ಆದರೆ ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಅಲ್ಲಿಯೂ ಅಕ್ಷರ ಇದ್ದೇ ಇರುತ್ತವೆ, ಒಂದು ಅಂಚಿನಲ್ಲಿ ನೋಡಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಮುಳ್ಳು ಊರಿದೆ. ಕುದುರೆಯ ಮುಂಗಾಲು ಇದ್ದ ಜಾಗದ ಹಕ್ಕಳೆ ಚಟ್ಟನೆ ಎದ್ದು ಬಂತು. ಅದರ ಕೆಳಗೆ ಅಕ್ಷರವೂ ಇರಲಿಲ್ಲ, ಬರಿಯ ಒರಟು ತಾಮ್ರ. ಆ ವಾರ ನನಗೆ ಅನ್ನ ಸೇರಲಿಲ್ಲ.

ಮುಂದಿನ ಸಲ ಬಂದಾಗ ಮುಚ್ಚಿಡದೆ ಹೇಳಿದೆ. ಆತ್ಯಾ ದುಡ್ಡನ್ನು ಅಂಗೈಯಲ್ಲಿಟ್ಟುಕೊಂಡು ಆ ಜಾಗದ ಮೇಲೆ ಬೆರಳಾಡಿಸಿದರು. ಆಮೇಲೆ, “ರಾಡ್ಯಾಗ ಕಾಲು ಜಾರಿರಬೇಕು ಬಿಡ,” ಅಂದರು. ನನಗೆ ತಲೆ ಎತ್ತಲಾಗಲಿಲ್ಲ. ಅವರೇ ನನ್ನ ಬೆನ್ನ ಮೇಲೆ ಕೈಯಿಟ್ಟು, ಇನ್ನು ನೀರು ಬದಲಿಸು ಅಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ತಿಳಿಹಸಿರು ಪುಡಿ ಪೂರ್ತಿ ನಿಂತಿತು. ಒಣಗಿಸಿ ಗಡಿಯಾರದವರಿಗೆ ತೋರಿಸಿದೆ. ಒಂದು ಕಡೆ ಬಿಡಿಸಿದ್ದೀ, ಒಂದು ಕಡೆ ಬಿಟ್ಟಿದ್ದೀ, ಸಂಗ್ರಹಕ್ಕೆ ಇದು ಕೆಟ್ಟಿತು ಎಂದು ನೇರವಾಗಿಯೇ ಹೇಳಿದರು. ನಾನು ಮದುವೆಯ ಕತೆ ಹೇಳಿದೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಹಾಕಿಕೊಂಡು ಮತ್ತೊಮ್ಮೆ ನೋಡಿದರು, ಕುದುರೆ ಎಲ್ಲಿ ತೋರಿಸು ಅಂದರು. ತೋರಿಸಿದೆ. ಕಂಡಿತು ಎಂದು ತಲೆಯಾಡಿಸಿ ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು.

ಅವರು ಹೇಳಿದ್ದು ಅವರ ಲೆಕ್ಕದಲ್ಲಿ ಸರಿಯೇ. ನೆನೆಯಿಡದಿದ್ದರೆ ಅದು ಪುಡಿಯಾಗುತ್ತಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಮುಳ್ಳು ಹಿಡಿದದ್ದರ ಬಗ್ಗೆ ಹಾಗೆ ಹೇಳಲಾರೆ. “ಶ್ರೀ” ಓದಿದಾಗ ಆತ್ಯಾನ ಮುಖ ಕಂಡಿದ್ದೇನೆ, ಕುದುರೆಯ ಕಾಲನ್ನೂ ಮುರಿದಿದ್ದೇನೆ.

ದೀಪಾವಳಿಗೆ ಡಿಗ್ರಜಕ್ಕೆ ಒಯ್ದು ಕೊಟ್ಟು ಬಂದೆ. ತಿಂಗಳಿಗೊಮ್ಮೆ ಬಿಸಿಲಿನಲ್ಲಿ ಹಿಡಿದು ನೋಡಿ, ಪುಡಿ ಕಂಡರೆ ಹೇಳಿ ಅಂದಿದ್ದೆ. ಆತ್ಯಾ ಪ್ರತಿ ತಿಂಗಳೂ ತಪ್ಪದೆ ಫೋನು ಮಾಡುತ್ತಾರೆ. ಏನೂ ಇಲ್ಲ, ಆರಾಮ ಐತಿ ಅನ್ನುತ್ತಾರೆ. ಆಮೇಲೆ ನನ್ನ ಊಟ ಆಯಿತೇ ಎಂದು ಕೇಳುತ್ತಾರೆ.