ಗೌಸ್ ಸಾಬ್ರ ನಕ್ಷತ್ರದ ರೂಪಾಯಿ

ಗಿರಿಜಾ, ಗೌಸ್ ಸಾಬ್ರ ರೂಪಾಯಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದವನು ನಾನು. ಉಜ್ಜಿದ್ದು ನೀನು ಎಂದು ಹೇಳಿದವನೂ ನಾನೇ. ಇಷ್ಟು ವರ್ಷ ನಿನ್ನ ತಲೆಯ ಮೇಲೆ ಒಂದು ಅಪರಾಧ ಕೂತಿದೆ — ಅದು ನಿನಗೆ ಗೊತ್ತೇ ಇಲ್ಲ.

ಶಿರಾದಲ್ಲಿ ವಾಚ್ ರಿಪೇರಿ ಮಾಡುವ, ನನ್ನ ಹಾಗೇ ಹಳೆಯ ನಾಣ್ಯ ಕೂಡಿಡುವ ಗೌಸ್ ಸಾಬ್ರಿಗೆ ಒಂದು ಇಸವಿಯ ಸೆಟ್ ಪೂರ್ತಿಯಾಗಲು ಒಂದೇ ನಾಣ್ಯ ಬಾಕಿ ಇತ್ತು. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಅದು ಹೈದರಾಬಾದ್ ಟಂಕಸಾಲೆಯದು, ವಜ್ರದ ಗುರುತಿದ್ದರೆ ಮುಂಬೈಯದು, ಏನೂ ಇಲ್ಲದಿದ್ದರೆ ಕೋಲ್ಕತ್ತಾದ್ದು. ಅವರಿಗೆ ಬೇಕಿದ್ದದ್ದು ನಕ್ಷತ್ರ. ಕೊನೆಗೆ ಸಿಕ್ಕಿದ ರೂಪಾಯಿಯಲ್ಲಿ ಆ ಜಾಗವೇ ಕೊಳೆ ಹಿಡಿದು ಮುಚ್ಚಿಹೋಗಿತ್ತು. ಮಧುಗಿರಿಯ ನನ್ನ ಫೋಟೋ ಸ್ಟುಡಿಯೋದಲ್ಲಿ ಒಳ್ಳೆಯ ಭೂತಗನ್ನಡಿ ಇದೆಯೆಂದು ನೋಡಲು ಕೊಟ್ಟುಹೋದರು.

ಹಳೆಯ ನಾಣ್ಯವನ್ನು ಉಜ್ಜಿದರೆ ಅದು ಕೆಟ್ಟಿತೆಂದೇ ಲೆಕ್ಕ ಎಂದು ಊರಿಗೆಲ್ಲ ಭಾಷಣ ಬಿಗಿಯುತ್ತಿದ್ದವನು ನಾನು. ಆದರೆ ಕುತೂಹಲ ನೋಡು... ಹಬ್ಬದ ಪಾತ್ರೆ ತೊಳೆಯಲು ನೀನು ನೆನೆಸಿಟ್ಟ ಹುಣಸೆಹಣ್ಣು ಕಣ್ಣೆದುರಿಗೇ ಇತ್ತು. ಒಂದು ಚೂರು ಒರೆಸಿ ನೋಡೋಣ ಅಂದುಕೊಂಡೆ. ಆಮೇಲೆ ಚಿಟಿಕೆ ಬೂದಿ. ಆಮೇಲೆ ತೆಂಗಿನ ನಾರು. ನಕ್ಷತ್ರವೇನೋ ಕಂಡಿತು — ಜೊತೆಗೆ ಮೈತುಂಬ ಗೀರು. ಅದನ್ನಿನ್ನು ಸೆಟ್ಟಿಗೆ ಸೇರಿಸುವಂತಿರಲಿಲ್ಲ.

ಸಾಬ್ರು ಬಂದಾಗ ನನ್ನ ನಾಲಿಗೆ ತಾನಾಗಿ ಹೊರಳಿತು. "ವರಮಾಲಕ್ಷ್ಮಿ ಪೂಜೆಗೆ ಅಂತ ಇವ್ಳು ತೊಳೆದ್ಬುಟ್ಟವ್ಳೆ ಸಾಬ್ರೇ." ನೀನು ಗೊರವನಹಳ್ಳಿಯ ಮಗಳು, ಮಹಾಲಕ್ಷ್ಮಿ ಗುಡಿಯ ಊರಿನವಳು; ಅವರು ಸುಲಭವಾಗಿ ನಂಬಿದರು.

ನಾಣ್ಯವನ್ನು ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಹೋಗ್ಲಿ ಬುಡಿ. ಅಮ್ನೋರು ಭಕ್ತಿಯಿಂದ ತೊಳೆದವ್ರೆ. ಅವ್ರಿಗೆ ಒಂದ್ಮಾತೂ ಅನ್ಬ್ಯಾಡಿ." ಆಗಲೇ ಹೇಳಿಬಿಡಬೇಕಿತ್ತು — ಹೇಳಲಿಲ್ಲ. ಬಚಾವಾದೆ ಎಂದು ಒಳಗೊಳಗೇ ಹಿಗ್ಗಿದೆನಲ್ಲ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸಾಬ್ರು ಈ ವಿಷಯವನ್ನು ಎಲ್ಲೂ ಎತ್ತಲಿಲ್ಲ. ಕೊರಟಗೆರೆ, ಪಾವಗಡದ ಗೆಳೆಯರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳಿದವನು ನಾನೇ. ಅಂದಿನಿಂದ ಅವರೆಲ್ಲ ನಾಣ್ಯದ ಆಲ್ಬಂ ಹಿಡಿದು ನಮ್ಮ ಮನೆಯಲ್ಲಿ ಸೇರಿದಾಗ ನಿನ್ನ ಬಳೆ ಸದ್ದಾದರೆ ಸಾಕು, ಪಾವಗಡದ ನಾಗಪ್ಪ ಪಿಸುಗುಡುತ್ತಾನೆ: "ಅಮ್ಮ ವಸ್ತಾಂದಿ, ಬಂದ್ರು ಬಂದ್ರು, ಬೇಗ ಮುಚ್ರಪ್ಪಾ." ಎಲ್ಲರೂ ಪಟ್ಟನೆ ಆಲ್ಬಂ ಮುಚ್ಚಿ, ಎದೆಗವಚಿಕೊಂಡು ಎದ್ದು ನಿಲ್ಲುತ್ತಾರೆ.

ನೀನು ಕಾಫಿ ಕೊಟ್ಟು ಒಳಗೆ ಬಂದು ನನ್ನನ್ನು ಮೂದಲಿಸುತ್ತೀಯ. "ನೋಡುದ್ರಾ, ನಾನು ಬಂದ್ರೆ ಹೆಂಗೆ ಎದ್ದು ನಿಂತ್ಕತಾರೆ. ನನ್ ಬೆಲೆ ಏನೂಂತ ನಿಮ್ಗೊಬ್ರಿಗೆ ಗೊತ್ತಿಲ್ಲ." ನಾನು ತಲೆಯಾಡಿಸುತ್ತೇನೆ. ಅವರು ಬರುವ ದಿನ ನೀನು ಹೊಸ ಸೀರೆ ಉಡುವುದನ್ನೂ ಗಮನಿಸಿದ್ದೇನೆ ಗಿರಿಜಾ.

ಈ ಭಾನುವಾರ ಎಲ್ಲರೂ ಬರುತ್ತಾರೆ. ನೀನು ಕಾಫಿ ತರುವ ಮೊದಲೇ ಗೌಸ್ ಸಾಬ್ರ ಮುಖ ನೋಡಿ ನಿಜ ಹೇಳುತ್ತೇನೆ. ಇನ್ನು ಮುಂದೆ ಅವರು ಆಲ್ಬಂ ಮುಚ್ಚುವುದು ನನ್ನನ್ನು ಕಂಡು, ಮುಚ್ಚಲಿ. ನೀನು ಬಂದರೆ ಮಾತ್ರ ಯಾರೂ ಏಳುವುದಿಲ್ಲ — ಸುಳ್ಳು ಹೇಳಿ ನಿನಗೆ ಕೊಡಿಸಿದ ಗೌರವವನ್ನು ನಿಜ ಹೇಳಿ ಕಿತ್ತುಕೊಳ್ಳುತ್ತಿದ್ದೇನೆ. ಆದರೂ ಹೊಸ ಸೀರೆಯನ್ನೇ ಉಟ್ಟು ಬಾ. ನಾನೊಬ್ಬನಾದರೂ ಎದ್ದು ನಿಲ್ಲುತ್ತೇನೆ.