ಮೂರನೆಯ ಕೂಗಿಗೆ ಓಗೊಡುವ ಯಂತ್ರ

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ನಾನು ಶಾಲೆ ಬಿಟ್ಟೆ. ಆಗ ಒಂಬತ್ತನೆಯ ಇಯತ್ತೆ. ದಡ್ಡನೆಂದು ಬಿಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ನನ್ನನ್ನು ಮೀರಿಸುವ ಹುಡುಗ ನಮ್ಮೂರು ಗುರುಗುಂಟಾದಲ್ಲಿ ಇರಲಿಲ್ಲ. ಅಪ್ಪ ಸತ್ತ, ಅದಕ್ಕೆ ಬಿಟ್ಟೆ.

ನಮ್ಮ ಕಡೆ ಮಟಮಟ ಮಧ್ಯಾಹ್ನ ಹೊಲದಲ್ಲಿ ಯಾರಾದರೂ ಕೂಗಿದರೆ ಕೂಡಲೇ ಓಗೊಡುವುದಿಲ್ಲ. ದೆವ್ವ ಗುರುತಿನವರ ದನಿಯಲ್ಲೇ ಕರೆಯುತ್ತದೆ, ಆದರೆ ಅದಕ್ಕೆ ಒಂದೇ ಸಲ ಕರೆಯಲು ಬರುತ್ತದೆ. ಮನುಷ್ಯ ಮೂರು ಸಲ ಕರೆಯುತ್ತಾನೆ. ಮೂರನೆಯದಕ್ಕೆ ಓ ಅನ್ನಬೇಕು. ಆ ದಿನ ಅವ್ವ, ನಾನು ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿ ಕುಳಿತಿದ್ದೆವು. ಅಪ್ಪ ಎತ್ತುಗಳಿಗೆ ನೀರು ಕುಡಿಸಲು ಬಾವಿಗೆ ಹೋಗಿದ್ದ. ಅತ್ತ ಕಡೆಯಿಂದ “ತಮ್ಮಾ” ಎಂದು ನನ್ನನ್ನು ಕರೆದ ಅವನ ದನಿ ಬಂತು. ನಾನು ಎದ್ದೆ. ಅವ್ವ ನನ್ನ ಮುಂಗೈ ಹಿಡಿದಳು.

“ಕೂಡು. ಇನ್ನೆರಡು ಸಲ ಕರೀಲಿ.”

ಕರೆಯಲಿಲ್ಲ. ಎತ್ತುಗಳು ತಾವಾಗಿಯೇ ಮರಳಿ ಬಂದಾಗ ಓಡಿದೆವು. ಅಪ್ಪ ಎದೆ ಹಿಡಿದುಕೊಂಡು ಬಾವಿಯ ಮೆಟ್ಟಿಲ ಮೇಲೆ ಬಿದ್ದಿದ್ದ. ಕರೆದಾಗಲೇ ಹೋಗಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಯಾರೂ ಹೇಳಲಿಲ್ಲ. ಅವ್ವ ಯಾರನ್ನೂ ಕೇಳಲೂ ಇಲ್ಲ. ಮುಂದೆ ಮಧ್ಯಾಹ್ನದ ಊಟಕ್ಕೆ ಕುಳಿತಾಗಲೆಲ್ಲ ತುತ್ತು ಕೈಯಲ್ಲೇ ಹಿಡಿದು ಏನನ್ನೋ ಆಲಿಸುತ್ತಿದ್ದಳು.

ನಾನು ಲಿಂಗಸುಗೂರಿಗೆ ಬಂದು ರೇಡಿಯೊ ರಿಪೇರಿ ಕಲಿತೆ, ಅವ್ವನನ್ನೂ ಕರೆತಂದೆ. ನನ್ನ ಬೆಸುಗೆ ಬಿಟ್ಟುಕೊಂಡಿತು ಎಂದು ತಿರುಗಿ ಬಂದ ಗಿರಾಕಿ ಇಲ್ಲ. ಆ ಹೆಸರು ಕೇಳಿಯೇ ತೊಂಬತ್ತರ ನಂತರ ಸಿಂಧನೂರಿನ ಒಬ್ಬ ಇಂಜಿನಿಯರ್ ನನ್ನನ್ನು ಕರೆಸಿದರು. ದೊಡ್ಡ ಊರಿನ ಪ್ರಯೋಗಶಾಲೆಯ ನೌಕರಿ ಬಿಟ್ಟು ಬಂದು, ತಮ್ಮ ಮನೆತನದ ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ ಅದೇ ಪ್ರಯೋಗಶಾಲೆಗೆ ಸರ್ಕ್ಯೂಟ್ ಬೋರ್ಡು ಮಾಡಿಕೊಡುತ್ತಿದ್ದರು. ವಿದೇಶದಲ್ಲಿ ಕಣಕ್ಕೆ ಕಣ ಡಿಕ್ಕಿ ಹೊಡೆಸುವ ಭಾರೀ ಯಂತ್ರ ಕಟ್ಟುವವರಿದ್ದರಂತೆ. ಡಿಕ್ಕಿಯಲ್ಲಿ ಸಿಡಿಯುವುದನ್ನೆಲ್ಲ ಬರೆದಿಡಲು ಯಾವ ಕಂಪ್ಯೂಟರಿಗೂ ಆಗದು. ಸಿಡಿದದ್ದರಲ್ಲಿ ಮ್ಯೂಯಾನ್ ಎಂಬ ಕಣ ಕಬ್ಬಿಣದ ಗೋಡೆಯನ್ನೂ ತೂರಿ ಬರುತ್ತದೆ. ಅದು ಬಂದರೆ ಮಾತ್ರ ಬರೆದಿಡು, ಇಲ್ಲವಾದರೆ ಬಿಟ್ಟುಬಿಡು ಎಂದು ಹೇಳುವುದೇ ನಮ್ಮ ಬೋರ್ಡಿನ ಕೆಲಸ. ಬೆಳಕು ಗಿರಣಿಯಿಂದ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರೊಳಗೆ ತೀರ್ಮಾನ ಆಗಬೇಕು. ಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ಪರೀಕ್ಷೆಗೆ ವಿದೇಶ ಬೇಕಾಗಿರಲಿಲ್ಲ. ಆಕಾಶದಿಂದ ಮ್ಯೂಯಾನ್ ಹಗಲೂ ರಾತ್ರಿ ಉದುರುತ್ತವೆ, ಮಾಳಿಗೆ ತೂರಿ, ನಮ್ಮನ್ನೂ ತೂರಿ ಹೋಗುತ್ತವೆ. ಕಪ್ಪು ಕಾಗದ ಸುತ್ತಿದ ಮೂರು ಪ್ಲಾಸ್ಟಿಕ್ ಹಲಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದೆವು. ಕಣ ತೂರಿದಾಗ ಹಲಗೆಯೊಳಗೆ ಸಣ್ಣ ಬೆಳಕು ಹುಟ್ಟಿ, ತಂತಿಯಲ್ಲಿ ಮಿಡಿತವಾಗಿ ಬರುತ್ತದೆ. ಮೂರೂ ಮಿಡಿತ ಒಟ್ಟಿಗೆ ಬಂದರೆ ಖರೆ. ಒಟ್ಟಿಗೆ ತಲುಪಲೆಂದು ಹತ್ತಿರದ ಹಲಗೆಯ ತಂತಿಯನ್ನೂ ದೂರದ್ದರಷ್ಟೇ ಉದ್ದ ಮಾಡಿ ಸುತ್ತಿಡಬೇಕು. ಆ ಸುರುಳಿ ಸುತ್ತಿದವನು ನಾನು.

“ಒಂದ ಹಲಗಿ ಕೂಗಿದ್ರ ನಂಬಬಾರದು ಮಿಸ್ತ್ರಿ,” ಎಂದರು ಇಂಜಿನಿಯರ್. “ಗಿರಣಿ ಮೋಟ್ರ ಚಾಲೂ ಆದ್ರೂ ಕೂಗ್ತದ. ಮೂರೂ ಕೂಗಬೇಕು.”

ನನ್ನ ಕೈ ನಿಂತುಬಿಟ್ಟಿತು.

“ಒಂದ ಕೂಗಿದ್ದು ಸುಳ್ಳ ಏನ್ರಿ ಸಾಹೇಬ್ರ?”

“ಸುಳ್ಳಂತಲ್ಲ. ಖರೇ ಮ್ಯೂಯಾನ ಇರಬೌದು, ಉಳದೆರಡು ಹಲಗಿಗೆ ತಿಳೀಲಾರದ ಹೋಗಿರಬೌದು.”

“ಹಂಗಾರ ಅದನ್ನೂ ಇಟ್ಕೋರಿ.”

ಅವರು ನಕ್ಕರು. “ಇಟ್ಟು ತೋರಸ್ತೀನಿ, ನೋಡು.” ಒಂದು ಕೂಗಿಗೇ ಒಪ್ಪುವಂತೆ ಗುಂಡಿ ತಿರುಗಿಸಿದರು. ಗಿರಣಿ ಮೋಟಾರು ಓಡುತ್ತಲೇ ಇತ್ತು, ಕ್ಷಣದಲ್ಲಿ ಬರೆದುಕೊಳ್ಳುವ ಯಂತ್ರ ತುಂಬಿ ನಿಂತಿತು. ಆಮೇಲೆ ಮೂರು ಕೂಗಿನವು ಬಂದರೂ ಅದಕ್ಕೆ ಎಚ್ಚರವಿಲ್ಲ. “ಎಲ್ಲಾರ್ಗೂ ಓ ಅಂದ್ರ ಯಾರಿಗೂ ಓ ಅನ್ನಾಕ ಆಗಂಗಿಲ್ಲ,” ಎಂದರು.

ಅಂದು ಸಂಜೆ ಬಸ್ಸಿನಲ್ಲಿ ಆ ಮಾತನ್ನು ಜೋಪಾನವಾಗಿ ಮನೆಗೆ ತಂದೆ. ಅವ್ವನ ಎದೆಯ ಭಾರ ಇಳಿಸುವ ಮಾತು ಕೊನೆಗೂ ಸಿಕ್ಕಿತೆಂದುಕೊಂಡಿದ್ದೆ.

“ಅಷ್ಟ್ ಶಾಣ್ಯಾ ಮಂದೀನೂ ಹಂಗ ಮಾಡ್ತಾರಬೇ. ನಿಂದೇನೂ ಗಲತ್ ಇಲ್ಲ.”

ಅವ್ವ ಒಲೆಯಿಂದ ಮುಖ ಎತ್ತಲಿಲ್ಲ. “ನಿನ್ನ ಮಷಿನ್ನಿಗೆ ಗಂಡ ಇದ್ನೇನಲೇ?”

ಇಬ್ಬರೂ ಉಣ್ಣಲಿಲ್ಲ. ಬೆಳಿಗ್ಗೆ ನಾನು ಹೊರಟಾಗ ಅವಳು ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ತೀನಿ. ಒಂದ ಸಲ ಕರದದ್ದು ಹೆಂಗ ಕೇಳ್ತದ, ನೋಡ್ತೀನಿ.” ನಡುದಾರಿಯ ಮಸ್ಕಿಯಲ್ಲಿ ಬಸ್ ನಿಂತಾಗ ಇಳಿದುಬಿಟ್ಟಳು. ಹಿಂದಕ್ಕೆ ಹೋಗೋಣ ಎಂದಳು. ಕಂಡಕ್ಟರ್ “ಯಮ್ಮಾ, ಬರ್ತಿಯೋ ಮಸ್ಕ್ಯಾಗ ಸಂಸಾರ ಹೂಡ್ತಿಯೋ?” ಎಂದಾಗ ಬೈದುಕೊಳ್ಳುತ್ತಲೇ ಮತ್ತೆ ಹತ್ತಿದಳು.

ಇಂಜಿನಿಯರಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ; ಅಪ್ಪನ ವಿಷಯವನ್ನು ಇದ್ದ ಹಾಗೇ ಹೇಳಿದೆ. ಅವರು ಎರಡು ಹಲಗೆಗಳ ತಂತಿ ಕಿತ್ತು, ಒಂದೇ ಹಲಗೆಗೆ ಸಣ್ಣ ಸ್ಪೀಕರ್ ಹಚ್ಚಿ, ಅವ್ವನಿಗೆ ಸ್ಟೂಲು ಕೊಟ್ಟರು. ಟಕ್ ಎಂದಿತು. ಅವ್ವ ಬೆಚ್ಚಿದಳು. ಮತ್ತೆ ಟಕ್. ಬಿಟ್ಟು ಬಿಟ್ಟು, ಲಯವಿಲ್ಲದೆ.

“ಇದ್ರಾಗ ಖರೇದು ಯಾವ್ದ್ರಿ?”

“ಗೊತ್ತಾಗಂಗಿಲ್ಲ ಯವ್ವಾ.”

ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಮುಂದಿನ ಟಕ್ಕಿಗೆ ಮೆಲ್ಲಗೆ “ಓ” ಎಂದಳು. ಅದರ ಮುಂದಿನದಕ್ಕೂ “ಓ”. ಗಿರಣಿಯ ಮೋಟಾರು ಶುರುವಾಗಿ ಹಲಗೆ ಸುಳ್ಳೇ ಪಟಪಟನೆ ಬಡಿದುಕೊಂಡಾಗಲೂ ಬಿಡಲಿಲ್ಲ, ಉಸಿರು ಸಾಲದಿದ್ದರೂ “ಓ, ಓ” ಎನ್ನುತ್ತಲೇ ಇದ್ದಳು. ನಾನು ತಡೆಯಲು ಕೈ ಚಾಚಿದೆ. ಇಂಜಿನಿಯರ್ ಕಣ್ಣಲ್ಲೇ ಬೇಡ ಎಂದರು.

ಆಗ ಕರೆಂಟ್ ಹೋಯಿತು. ಮೋಟಾರೂ ನಿಂತಿತು, ಸ್ಪೀಕರೂ ನಿಂತಿತು.

“ನಿಂತ್ವಲ್ಲ?” ಎಂದಳು ಅವ್ವ.

“ಅವು ನಿಂತಿಲ್ಲ ಯವ್ವಾ. ನಮಗ ಕೇಳವಲ್ಲವು, ಅಷ್ಟ.”

ಅವ್ವ ಸ್ವಲ್ಪ ಹೊತ್ತು ಮಾಳಿಗೆಯನ್ನು ನೋಡಿದಳು. ಆಮೇಲೆ, ಯಾವ ಸದ್ದೂ ಇಲ್ಲದ ಆ ಕೋಣೆಯಲ್ಲಿ, ನಮ್ಮಿಬ್ಬರನ್ನೂ ಮರೆತವಳಂತೆ, ಗಟ್ಟಿಯಾಗಿ ಓಗೊಟ್ಟಳು. ಹೊಲದ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿ ಅದು.

ಬೋರ್ಡುಗಳು ತಯಾರಾಗಿ ಪ್ರಯೋಗಶಾಲೆಗೆ ಹೋದವು. ಇಂಜಿನಿಯರ್ ಕೊನೆಗೆ ಮೂರರಲ್ಲಿ ಎರಡು ಕೂಗಿದರೆ ಸಾಕು ಎಂದು ಇಟ್ಟರು. ಒಂದಕ್ಕೆ ಒಪ್ಪಲು ಆಗಲೇ ಇಲ್ಲ. ಅವ್ವ ಸಾಯುವತನಕ ಮಧ್ಯಾಹ್ನದ ಊಟದ ನಡುವೆ ಒಮ್ಮೊಮ್ಮೆ ಓ ಎನ್ನುತ್ತಿದ್ದಳು, ಆಮೇಲೆ ಉಣ್ಣುತ್ತಿದ್ದಳು. ಯಾರಿಗೆಂದು ನಾನು ಕೇಳಲಿಲ್ಲ. ಅವಳು ಹೋದ ಮೇಲೆ ಆ ಹೊತ್ತಿಗೆ ಮನೆ ಬಹಳ ಸುಮ್ಮನಿರುತ್ತದೆ.

ಇರುವುದರ ಲೆಕ್ಕ ಹೇಳುವುದಾದರೆ, ಈಗ ನನಗೆ ಲಿಂಗಸುಗೂರಿನಲ್ಲಿ ಸ್ವಂತ ಅಂಗಡಿ ಒಂದು, ಕೆಲಸಗಾರರು ಇಬ್ಬರು, ಮೂರು ಕೋಣೆಯ ಮನೆ, ಹೆಣ್ಣುಮಕ್ಕಳು ಇಬ್ಬರು, ಗುರುಗುಂಟಾದಲ್ಲಿ ಹೊಲ ನಾಲ್ಕು ಎಕರೆ.