ಶ್ರೀ ಇಲ್ಲದ ರೈಲ್ವೆ ಗೇಟು

ಎಪ್ಪತ್ತರ ದಶಕದ ಕೊನೆಗೆ, ರೈಲಿನ ಮುಖ ಕಾಣದ ಹೊನ್ನಾಳಿಯಲ್ಲಿ ಕೂತು ನಾನು ಒಂದು ವಾರ ರೈಲ್ವೆ ಗೇಟಿನ ಬೋರ್ಡು ಬರೆದೆ.

ಅಕ್ಕನ ಗಂಡ ಅಲ್ಲಿನ ಖಾಸಗಿ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೆಲಸ ಕಾಯಂ ಆಗಿರಲಿಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆ ಆಡಳಿತ ಮಂಡಳಿಯವರು ಬರುತ್ತಾರೆ, ಏನಾದರೂ ಮಾಡಿ ತೋರಿಸಿದರೆ ಆದೇಶಕ್ಕೆ ಸಹಿ ಬಿದ್ದೀತು ಎಂದು ಹೆಡ್‌ಮಾಸ್ಟರು ಸೂಚಿಸಿದ್ದರು. ಭಾವ ಮಂಚದಷ್ಟು ಅಗಲದ ಹಲಗೆಯ ಮೇಲೆ ಹಳಿ, ರೈಲು, ಗೇಟು, ರಸ್ತೆ, ಬಸ್ಸು ಎಲ್ಲ ಮಾಡಿದರು. ನಾನು ನ್ಯಾಮತಿಯಿಂದ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದೆ. ನನ್ನ ಅಕ್ಷರ ಗುಂಡಗಿದೆ ಎಂದು ರಸ್ತೆ ಬದಿಯ ಬೋರ್ಡುಗಳನ್ನು ನನಗೆ ಒಪ್ಪಿಸಿದರು. ಬೆಂಕಿಪೊಟ್ಟಣದ ರಟ್ಟು, ಪೊರಕೆ ಕಡ್ಡಿಯ ಕಂಬ.

ಮೊದಲ ದಿನ ಮೂರು ಬರೆದೆ: ‘ಮುಂದೆ ರೈಲ್ವೆ ಗೇಟು’, ‘ನಿಧಾನ’, ‘ನಿಂತು ನೋಡಿ ದಾಟಿ’. ಭಾವ ತಲೆ ಅಡ್ಡಡ್ಡ ಆಡಿಸಿದರು.

“ಗೇಟಿನ ಮುಂದಿನ ಜಾಗ ಬಿಡಪ್ಪಾ. ಹಲಗೆ ಕೊಟ್ಟೋರು ಚನ್ನಗಿರಿ ಸಾಹುಕಾರ್ರು. ಅವರ ಹೆಸರು ಬರ್ಬೇಕು.”

“ರೈಲ್ವೆ ಗೇಟಿಗೆಂಥ ದಾನಿಗಳು ಭಾವ?”

“ನಮ್ಮ ಶಾಲೆ ಫ್ಯಾನಿನ ರೆಕ್ಕೆ ಮೇಲೆ ಯಾರ ಹೆಸರೈತೆ, ಹೋಗಿ ನೋಡ್ಕೊಂಡ್ ಬಾ.”

ಅಡಿಕೆ ವ್ಯಾಪಾರದ ಆ ಸಾಹುಕಾರರೇ ಮಂಡಳಿಯ ಅಧ್ಯಕ್ಷರು. ವಾದಿಸುವಂತಿರಲಿಲ್ಲ. ಹಳಿಯ ಕೆಳಗೆ ಜಲ್ಲಿಯೆಂದು ಹರಡಲು ಶೇಂಗಾ ಸಿಪ್ಪೆ ಕಳಿಸಿದ ಜಗಳೂರಿನ ಎಣ್ಣೆ ಮಿಲ್ಲಿನವರಿಗೆ ಮರುದಿನ ಇನ್ನೊಂದು ಬೋರ್ಡು. ಬಣ್ಣ ಕೊಟ್ಟ ಅಂಗಡಿಯವರಿಗೆ ಮತ್ತೊಂದು. ನನ್ನ ಮೂರೂ ಬೋರ್ಡು ಕಿತ್ತುಹೋದವು. ರೈಲು ಬರುತ್ತದೆಂದು ಆ ಬಸ್ಸಿನ ಡ್ರೈವರಿಗೆ ಹೇಳುವವರೇ ಇಲ್ಲವಾದರು. ಒಂದಾದರೂ ಇರಲಿ ಎಂದು ಹೇಳಿ ಹೇಳಿ ಬಾಯಿ ನೋವು ಬಂತು. ಸಾಕಾಗಿ, ಕೇಳಿದ್ದನ್ನು ಬರೆದುಕೊಟ್ಟೆ.

ಪ್ರದರ್ಶನದ ದಿನ ಸಾಹುಕಾರರು ಕನ್ನಡಕ ಏರಿಸಿ ಗೇಟಿನ ಹತ್ತಿರ ಬಗ್ಗಿದರು. ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು.

“ಇದನ್ನ ಬರೆದೋರು ಯಾರ್ರೀ?”

“ನಮ್ಮ ಮನೆಯೋಳ ತಮ್ಮ ರೀ. ಪೇಪರ್‌ನಾಗೆ ಬರೀತಾನೆ,” ಎಂದರು ಭಾವ, ಹೆಮ್ಮೆಯಿಂದ.

“ಶ್ರೀನೂ ಹಾಕಿಲ್ಲ, ಲಿಂಗೈಕ್ಯ ಅಂತಾನೂ ಹಾಕಿಲ್ಲ. ನಾನು ಇದೀನಾ, ಹೋದೆನಾ? ಪೇಪರ್‌ನೋರು ವಿಚಾರಿಸಿ ಬರೆಯಾಕಿಲ್ವೇನು?”

ಸುತ್ತ ನಿಂತವರು ನಕ್ಕರು. ಸಾಹುಕಾರರು ನಗಲಿಲ್ಲ. ನಮ್ಮ ಪತ್ರಿಕೆಯಲ್ಲಿ ಯಾರ ಹೆಸರಿಗೂ ಶ್ರೀ ಹಾಕುವಂತಿರಲಿಲ್ಲ; ಹಾಕಿದರೆ ಸಂಪಾದಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಅದೇ ಅಭ್ಯಾಸ ಈ ರಟ್ಟಿಗೂ ಬಂದಿತ್ತು. ಭಾವನ ಮುಖ ಬಿಳಿಚಿಕೊಂಡಿತು. ವಾರವಿಡೀ ಅವರ ತಪ್ಪು ಎತ್ತಿ ಆಡಿದವನು ನಾನು. ಅವರ ಕೆಲಸಕ್ಕೆ ಕುತ್ತು ತಂದದ್ದು ನನ್ನ ಕೈ.

ಬ್ರಷ್ಷು ತಂದು ಅಲ್ಲೇ ಮೊಣಕಾಲೂರಿದೆ. ಹೆಸರಿನ ಎಡಕ್ಕೆ ಎಳ್ಳು ಕಾಳಿನಷ್ಟೂ ಜಾಗವಿರಲಿಲ್ಲ. ಶ್ರೀಯನ್ನು ಹೆಸರಿನ ನೆತ್ತಿಯ ಮೇಲೆ ಕೂರಿಸಿದೆ. ಬಣ್ಣ ಒಣಗುವವರೆಗೂ ಸಾಹುಕಾರರು ಕದಲಲಿಲ್ಲ.

“ಈಗ ಸರಿ ಐತೆ,” ಎಂದರು. ಹೆಡ್‌ಮಾಸ್ಟರ ಕಡೆ ತಿರುಗಿ, “ಡ್ರಾಯಿಂಗ್ ಮೇಷ್ಟ್ರ ಕಾಗದ ಸೋಮವಾರ ಕಳಿಸ್ರಿ, ಸಹಿ ಮಾಡ್ತೀನಿ.”

ಅವರು ಮುಂದಿನ ಮೇಜಿಗೆ ಹೋದರು. ನಾನು ಏಳಹೊರಟೆ. ಭಾವ ಹೆಗಲು ಒತ್ತಿ ಕೂರಿಸಿದರು.

“ಏಳಬ್ಯಾಡಪ್ಪಾ. ಜಗಳೂರಿನೋರು ಬಸ್ ಇಳಿದರಂತೆ. ಅವರಿಗೂ ಒಂದು ಶ್ರೀ ಹಾಕು.”